ಆಜೀವ ಮುಖ್ಯ ನಿರ್ವಾಹಕ

ಮೊನ್ನೆ ಬೆಳಿಗ್ಗೆ ವಿಜಯನಗರದಲ್ಲಿ ಮೆಟ್ರೊ ಹತ್ತಿದೆ. ಕಾಲೂರಲು ಜಾಗ ಸಿಕ್ಕಿದ್ದೇ ಪುಣ್ಯ ಎನ್ನುವಂಥ ಹೊತ್ತು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಶೀತಕ್ಕೋ ಏನೋ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಬಂದಿದ್ದರು. ಬಾಗಿಲು ಮುಚ್ಚಿತು, ಗಾಳಿ ಒಳಗೇ ಸುತ್ತತೊಡಗಿತು, ಆ ವಾಸನೆ ಬಂದು ನನ್ನ ಮೂಗಿನ ಮೇಲೆಯೇ ಕೂತಿತು. ಒಳ್ಳೆಯ ವಾಸನೆಯೇ ಅದು, ಯಾರಿಗೂ ಕೆಡುಕು ಮಾಡುವಂಥದ್ದಲ್ಲ. ಆದರೂ ನಾನು ಇಳಿಯಬೇಕಾದ ಸ್ಟೇಷನ್ನಿಗಿಂತ ಮುಂಚೆಯೇ ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತುಬಿಟ್ಟೆ. ಗಂಗಾಧರ ಸಾರ್ ಅವರ ಮನೆಯ ಮುಂದಿನ ಕೋಣೆಯಲ್ಲಿ ಸದಾ ಇದೇ ವಾಸನೆ. ಆ ವರ್ಷದ ಆಷಾಢ ಪೂರ್ತಿ ನಾನು ಉಸಿರಾಡಿದ್ದು ಈ ಗಾಳಿಯನ್ನೇ.

ಸಾರ್ ನನಗೆ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿದವರು. ಪಾಠಕ್ಕಿಂತ ಬೈಗುಳಕ್ಕೆ ಹೆಸರಾದವರು. ನಿನ್ನ ಸರ್ಕ್ಯೂಟಿನೊಳಗೆ ಹರಿಯೋಕೆ ಕರೆಂಟಿಗೇ ನಾಚಿಕೆ ಆಗುತ್ತೆ ಎಂದು ಇಡೀ ಕ್ಲಾಸಿನ ಮುಂದೆ ಹೇಳಿದ್ದರು ನನಗೆ. ಅಂದು ಅತ್ತಿದ್ದೆ, ಆದರೆ ಆ ಸರ್ಕ್ಯೂಟನ್ನು ಸರಿ ಮಾಡಿಯೇ ಮನೆಗೆ ಹೋಗಿದ್ದೆ. ನಿವೃತ್ತರಾದ ಮೇಲೆ ಅವರು ಬಸವೇಶ್ವರನಗರದ ತಮ್ಮ ಮನೆಯಲ್ಲಿ ಕೂತು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದನ್ನು ಬರೆದರು. ಹೆಸರು ಓದುದನಿ. ಕಣ್ಣು ಕಾಣದವರ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಪರದೆಯ ಮೇಲೆ ಬಂದದ್ದನ್ನೆಲ್ಲ ಅದು ಓದುತ್ತಿತ್ತು. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದು. ಅದರ ಒಳಗಿನ ಬರವಣಿಗೆಯನ್ನು ಎಲ್ಲರಿಗೂ ಕಾಣುವಂತೆ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದರು. ಇಲ್ಲಿ ತಪ್ಪಿದೆ ಎಂದು ಯಾರು ಬೇಕಾದರೂ ತೋರಿಸಬಹುದು, ತಿದ್ದುಪಡಿ ಕಳಿಸಬಹುದು, ಇಷ್ಟವಿದ್ದರೆ ಇಡೀ ಯೋಜನೆಯನ್ನೇ ನಕಲು ಮಾಡಿಕೊಂಡು ಬೇರೆ ಕಡೆ ನಡೆಸಿಕೊಳ್ಳಬಹುದು. ಓಪನ್ ಸೋರ್ಸ್ ಎಂದರೆ ಇಷ್ಟೇ. ಆದರೆ ಹತ್ತು ಜನ ಕೂಡಿ ಮಾಡಿದ ಸಾರಿಗೆ ಉಪ್ಪು ಹಾಕುವವರು ಒಬ್ಬರೇ ಇರಬೇಕಲ್ಲ. ಬಂದ ತಿದ್ದುಪಡಿಗಳಲ್ಲಿ ಯಾವುದು ಒಳಗೆ ಹೋಗಬೇಕು, ಯಾವುದು ಬೇಡ ಎಂದು ತೀರ್ಮಾನಿಸುವವರು ಸಾರ್ ಒಬ್ಬರೇ ಆಗಿದ್ದರು. ಹಾಗೆಂದು ಎಲ್ಲೂ ಬರೆದಿರಲಿಲ್ಲ, ಬರೆಯಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ.

ಅವರ ಜೊತೆ ಗಟ್ಟಿಯಾಗಿ ನಿಂತವರು ನಾವು ಮೂವರು. ನಾನು ಕಂಪನಿಯೊಂದರಲ್ಲಿ ಟೆಸ್ಟರ್. ಇನ್ನೊಬ್ಬರ ತಪ್ಪು ಹುಡುಕುವುದಕ್ಕೇ ನನಗೆ ಸಂಬಳ, ಮನೆಯಲ್ಲಿ ಅದನ್ನು ಪುಕ್ಕಟೆ ಮಾಡುತ್ತೇನೆ ಎಂದು ನನ್ನ ಗಂಡನ ದೂರು. ಎರಡನೆಯವನು ಹೇರೋಹಳ್ಳಿಯ ಲೋಕೇಶ, ಚುರುಕು ಪ್ರೋಗ್ರಾಮರ್. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪ್ಪ ಬಾಡಿಗೆ ಮನೆ ಬೆಳೆಯುತ್ತಾರೆ ಎಂದು ತನ್ನ ಮನೆಯವರನ್ನೇ ಆಡಿಕೊಳ್ಳುವವನು. ಮೂರನೆಯವಳು ರೇಣುಕಾ, ರಾಜಾಜಿನಗರದ ಬ್ಯಾಂಕೊಂದರಲ್ಲಿ ಕೆಲಸ. ಹುಟ್ಟಿನಿಂದ ಕಣ್ಣು ಕಾಣದು. ತಾಯಿಯ ಜೊತೆ ಇದ್ದಾಳೆ. ಅವಳ ಕಿವಿಯಲ್ಲಿ ಪಾಸಾಗದೆ ಓದುದನಿಯ ಒಂದು ಅಕ್ಷರವೂ ಹೊರಗೆ ಹೋಗುತ್ತಿರಲಿಲ್ಲ.

ಆ ವರ್ಷ ಸಂಸ್ಥೆಯೊಂದು ಓದುದನಿಯನ್ನು ಅಂಧ ಮಕ್ಕಳ ಶಾಲೆಗಳಿಗೆ ಹಂಚಲು ಮುಂದೆ ಬಂತು. ಆದರೆ ಇದಕ್ಕೆ ಹೊಣೆ ಯಾರು, ಯಾರ ಹುದ್ದೆ ಏನು, ಅಧಿಕಾರ ಎಷ್ಟು ಎಂದು ಬರೆದುಕೊಡಿ ಎಂದರು. ಲೋಕೇಶ ಹೊರದೇಶದ ಯೋಜನೆಗಳನ್ನೆಲ್ಲ ಜಾಲಾಡಿ ಒಂದು ಕರಡು ತಯಾರಿಸಿದ. ತಿದ್ದುಪಡಿ ಕಳಿಸುವವರು ಕೊಡುಗೆದಾರರು, ಅದನ್ನು ಓದಿ ನೋಡುವವರು ಪರಿಶೀಲಕರು, ಒಳಗೆ ಸೇರಿಸುವವರು ನಿರ್ವಾಹಕರು, ಎಲ್ಲರ ಮೇಲೆ ಒಬ್ಬರು ಮುಖ್ಯ ನಿರ್ವಾಹಕರು. ಬಿ.ಎಂ.ಟಿ.ಸಿ. ಬಸ್ಸಿನಲ್ಲಿ ಕಂಡಕ್ಟರಿಗೆ ಇರುವ ಹೆಸರೇ ನಮಗೂ ಸಿಕ್ಕಿತಲ್ಲ ಎಂದು ನಕ್ಕೆವು. ಮುಖ್ಯ ನಿರ್ವಾಹಕರ ಅವಧಿ ಒಂದು ವರ್ಷ. ಅವರ ಕೈಲಿ ಆಗದೇ ಹೋದರೆ ಉಳಿದವರು ಕೂತು ಬೇರೆಯವರನ್ನು ಆರಿಸಬೇಕು. ಯಾರ ತಿದ್ದುಪಡಿಯೇ ಆಗಲಿ ಇನ್ನೊಬ್ಬರು ನೋಡದೆ ಒಳಗೆ ಹೋಗಕೂಡದು. ಒಳ್ಳೆಯ ಕರಡು. ಅದು ಹಾಗೇ ಉಳಿದಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಿರಲಿಲ್ಲ.

ಅದೇ ಸಮಯಕ್ಕೆ ಸಾರ್‌ಗೆ ಎಪ್ಪತ್ತು ತುಂಬಿತು. ಅವರ ಮಡದಿ ಸುಶೀಲಾ ಆಂಟಿ ಭೀಮರಥ ಶಾಂತಿ ಇಟ್ಟುಕೊಂಡಿದ್ದರು. ಆಷಾಢ ಬರುವುದರೊಳಗೆ ಮುಗಿಸಬೇಕೆಂದು ಎಲ್ಲವೂ ಅವಸರವಸರ. ಸಂಸ್ಥೆಯವರಿಗೂ ಅವಸರ. ಹಾಗಾಗಿ ಹೋಮ ಮುಗಿದ ಮೇಲೆ ಅಲ್ಲೇ ಸನ್ಮಾನ ಮಾಡಿ, ಕರಡನ್ನು ಓದಿ ಒಪ್ಪಿಗೆ ಪಡೆದುಬಿಡೋಣ ಎಂದುಕೊಂಡೆವು. ಶಾಲು, ಪೇಟ, ಹಣ್ಣಿನ ಬುಟ್ಟಿ ತಂದೆವು. ಹೋಮದ ಹೊಗೆ ಇನ್ನೂ ನಡುಮನೆಯಲ್ಲಿ ತುಂಬಿತ್ತು. ಲೋಕೇಶ ಕಣ್ಣೊರೆಸಿಕೊಳ್ಳುತ್ತ ಓದತೊಡಗಿದ. "ಮುಖ್ಯ ನಿರ್ವಾಹಕರು ಅನಾರೋಗ್ಯದಿಂದಲೋ ಮರಣದಿಂದಲೋ" ಎಂಬಲ್ಲಿಗೆ ಬಂದಾಗ ಆಂಟಿ ಕುಂಕುಮದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತರು.

"ಲೋಕೇಶ, ಬಿಡ್ತು ಅನ್ನು."

ಅವನು ತಡವರಿಸಿ ಬಿಡ್ತು ಎಂದ. ಶಾಂತಿ ಮಾಡಿಸಿದ ದಿನವೇ ಇಂಥ ಮಾತು ಕಾಗದದಲ್ಲಿ ಇರುವುದುಂಟೇ? ಅವನು ಪೆನ್ನು ತೆಗೆದು ಆ ಸಾಲನ್ನು ಅಲ್ಲೇ ಹೊಡೆದುಹಾಕಿದ. ಆ ಸಾಲು ಹೋದ ಮೇಲೆ ಒಂದು ವರ್ಷದ ಅವಧಿ ಎಂಬುದು ಸನ್ಮಾನದ ದಿನಕ್ಕೆ ತೀರ ಜಿಪುಣತನವಾಗಿ ಕಂಡಿತು. ಆಜೀವ ಎಂಬ ಮಾತು ಯಾರ ಬಾಯಿಂದ ಮೊದಲು ಬಂತೋ, ಬಂದ ಕೂಡಲೇ ಎಲ್ಲರಿಗೂ ಹಿಡಿಸಿತು. ಇನ್ನು ಗುರುಗಳು ಬರೆದದ್ದನ್ನು ಶಿಷ್ಯರು ಪರಿಶೀಲಿಸುವುದೆಂದರೇನು? ಮುಖ್ಯ ನಿರ್ವಾಹಕರ ತಿದ್ದುಪಡಿಗೆ ಪರಿಶೀಲನೆ ಬೇಕಿಲ್ಲ ಎಂದು ಸೇರಿಸಿದೆವು. ಸಾರ್ ಪೇಟದ ಕೆಳಗೆ ಬೆವರುತ್ತ, ಇದೆಲ್ಲ ಯಾಕ್ರೋ ಎಂದು ಬೈಯುತ್ತ, ಸಂತೋಷವಾಗಿ ಕೂತಿದ್ದರು. ಚಪ್ಪಾಳೆ ನಿಂತ ಮೇಲೆ ರೇಣುಕಾ ನನ್ನ ಮೊಣಕೈ ಹಿಡಿದು ಕೇಳಿದಳು.

"ಎಲ್ರೂ ಒಪ್ಪಿದ್ರಾ? ಚಪ್ಪಾಳೆ ಕೇಳಿಸ್ತು, ಮಾತು ಕೇಳಿಸ್ಲೇ ಇಲ್ಲ."

ಒಪ್ಪಿದರು ಎಂದೆ. ಊಟಕ್ಕೆ ಎಲೆ ಹಾಕುತ್ತಿದ್ದರು, ನನಗೆ ಹಸಿವಾಗಿತ್ತು.

ಆ ಸಲದ ಆಷಾಢದ ಗಾಳಿಗೆ ತಲೆ ಕೆಟ್ಟಿತ್ತು. ಮಳೆ ಇಲ್ಲ, ಮೋಡ ಮಾತ್ರ. ಬಸವೇಶ್ವರನಗರದ ಅಡ್ಡರಸ್ತೆಗಳಲ್ಲಿ ದಿನಕ್ಕೊಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತಿತ್ತು, ಕರೆಂಟು ಹೋಗುತ್ತಿತ್ತು. ಶನಿವಾರ ಶನಿವಾರ ನಾನು ಸಾರ್ ಮನೆಗೆ ಹೋಗುವುದು ವಾಡಿಕೆ. ತಲೆನೋವು ಎಂದು ಅವರು ಹಣೆಗೆ ನೀಲಗಿರಿ ಎಣ್ಣೆ ಹಚ್ಚಿಕೊಂಡು, ಗಾಳಿಗೆ ಹೆದರಿ ಕಿಟಕಿಗಳನ್ನೆಲ್ಲ ಬಿಗಿದುಕೊಂಡು ಕೂತಿರುತ್ತಿದ್ದರು. ಒಂದು ಶನಿವಾರ ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಸಾರ್ ಒಳಗೆ ತಿರುಗಿ, ಜಯಂಗೆ ಕಾಫಿ ಕೊಡೇ ಎಂದರು. ಆಂಟಿ ಕಾಫಿ ತಂದರು. ಅದನ್ನೂ ಕುಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ, ಜಯಾ ಬಂದು ಎಷ್ಟೊತ್ತಾಯ್ತು, ಒಂದು ಕಾಫಿ ಇಲ್ವಾ ಎಂದರು. ಮರೆವು ಯಾರಿಗಿಲ್ಲ. ನನ್ನನ್ನು ಹೆದರಿಸಿದ್ದು ಅದಲ್ಲ. ಆಗಲೇ ಕೊಟ್ಟೆನಲ್ಲ ಎಂದು ಆಂಟಿ ಒಂದು ಮಾತು ಹೇಳಲಿಲ್ಲ. ಸುಮ್ಮನೆ ಹೋಗಿ ಮತ್ತೆ ಹಾಲು ಕಾಯಿಸಿದರು. ಈ ಮನೆಯಲ್ಲಿ ಇದು ಹೊಸದಲ್ಲ ಎಂದು ಆಗ ತಿಳಿಯಿತು.

ಆಮೇಲೆ ಒಂದೊಂದೇ ಕಣ್ಣಿಗೆ ಬೀಳತೊಡಗಿದವು. ಮೊದಲೆಲ್ಲ ತಿದ್ದುಪಡಿ ಕಳಿಸಿದರೆ ಸಾರ್ ಅದನ್ನು ಹಿಂಜಿ ಹಿಂಜಿ ನೋಡಿ ಎರಡು ಪುಟ ಬೈದು ಬರೆಯುತ್ತಿದ್ದರು. ಈಗ ಎಲ್ಲದಕ್ಕೂ ಒಂದೇ ಉತ್ತರ: ನೋಡುತ್ತೇನೆ, ಧನ್ಯವಾದ. ಬೈಗುಳವಿಲ್ಲದ ಆ ಉತ್ತರಗಳನ್ನು ಆಂಟಿಯೇ ಬರೆಯುತ್ತಿದ್ದರೆಂದು ಬಹಳ ತಡವಾಗಿ ಗೊತ್ತಾಯಿತು. ಇನ್ನು ಸಾರ್ ತಾವೇ ಬರೆದ ದಿನಗಳಲ್ಲಿ ಬೇರೆ ಥರ. ಒಮ್ಮೆ ಲೋಕೇಶ ಫೋನ್ ಮಾಡಿದ.

"ಮೇಡಂ, ಸಾರ್ ನಂಗೆ 'ಪ್ರಿಯ ಮಂಜುನಾಥ' ಅಂತ ಮೇಲ್ ಹಾಕವ್ರೆ. ಯಾರು ಮೇಡಂ ಈ ಮಂಜುನಾಥ? ಹೊಸಬ್ರು ಯಾರಾದ್ರೂ ಸೇರ್ಕೊಂಡವ್ರಾ?"

ಮಂಜುನಾಥ ನನ್ನ ಕ್ಲಾಸ್‌ಮೇಟ್. ಸಾರ್ ಅವರ ಮುದ್ದಿನ ಶಿಷ್ಯ. ನಾವು ಕೊನೆಯ ವರ್ಷದಲ್ಲಿದ್ದಾಗ ಮಾಗಡಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತುಹೋಗಿದ್ದ. ಆ ಪತ್ರದಲ್ಲಿ ಸಾರ್, ನಿನ್ನ ಗಾಡಿ ರಿಪೇರಿ ಆಯಿತೇ, ಹುಷಾರಾಗಿ ಓಡಿಸು ಎಂದು ಬರೆದಿದ್ದರು. ಯಾರೋ ಹಳೆಯ ಹುಡುಗ ಕಣೋ, ತಪ್ಪಿ ಬಂದಿರಬೇಕು ಎಂದು ಹೇಳಿ ಫೋನಿಟ್ಟೆ. ಕಿಟಕಿಯ ಹೊರಗೆ ಗಾಳಿ ಎದುರು ಮನೆಯ ತಗಡನ್ನು ಹೊಡೆಯುತ್ತಲೇ ಇತ್ತು.

ನೀವು ಕೇಳಬಹುದು, ಇಷ್ಟೆಲ್ಲ ಕಂಡ ಮೇಲೂ ಸುಮ್ಮನಿದ್ದಿರಾ ಎಂದು. ಏನು ಮಾಡಬೇಕಿತ್ತು ಹೇಳಿ. ಅವರನ್ನು ಇಳಿಸಲು ನಾವೇ ಬರೆದ ಕಾಗದದಲ್ಲಿ ದಾರಿ ಇರಲಿಲ್ಲ. ಯೋಜನೆಯ ಕೀಲಿ ಅವರೊಬ್ಬರ ಕೈಲಿತ್ತು. ಮೇಲಾಗಿ ಎಪ್ಪತ್ತರ ಗುರುಗಳ ಎದುರು ನಿಂತು ನಿಮ್ಮ ತಲೆ ಸರಿಯಿಲ್ಲ ಎಂದು ಹೇಳುವ ಬಾಯಿ ನಮ್ಮ ಕಡೆ ಇನ್ನೂ ಯಾರಿಗೂ ಬಂದಿಲ್ಲ. ಆಷಾಢ ಕಳೆಯಲಿ ಎಂದೆವು. ಒಳ್ಳೆಯದಕ್ಕೆ ಹೇಳುವ ಮಾತನ್ನು ಕೆಟ್ಟದ್ದಕ್ಕೂ ಹೇಳಿಕೊಂಡು ದಿನ ದೂಡಿದೆವು.

ಆಷಾಢದ ಕೊನೆಯ ವಾರ ಸಾರ್ ಒಂದು ಹೊಸ ಆವೃತ್ತಿ ಬಿಟ್ಟರು. ಯಾರಿಗೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅದು ತಾನಾಗಿಯೇ ಎಲ್ಲರ ಫೋನಿಗೆ ಹೋಗಿ ಕೂತಿತು. ಅದರಲ್ಲಿ ಒಂದೇ ಒಂದು ಸಾಲು ಕಾಣೆಯಾಗಿತ್ತು. ಅಂಕಿಗಳ ನಡುವೆ ಚುಕ್ಕಿ ಬಂದರೆ ಪಾಯಿಂಟ್ ಎಂದು ಓದು ಎಂಬ ಸಾಲು. ವಾಕ್ಯದ ಕೊನೆಯ ಚುಕ್ಕಿಯನ್ನು ಓದುವುದಿಲ್ಲವಲ್ಲ, ಇದನ್ನೇಕೆ ಓದಬೇಕು ಎಂದು ಆ ಹೊತ್ತಿನಲ್ಲಿ ಅವರಿಗೆ ಅನ್ನಿಸಿರಬೇಕು.

ರೇಣುಕಾಳ ತಾಯಿಗೆ ಮೈಯೆಲ್ಲ ತುರಿಕೆ ಎದ್ದು ಡಾಕ್ಟರು ಔಷಧಿಯ ಹೆಸರನ್ನೂ ಪ್ರಮಾಣವನ್ನೂ ಫೋನಿಗೆ ಕಳಿಸಿದ್ದರು. ಎರಡೂವರೆ ಎಂ.ಎಲ್. ಕೊಡಬೇಕು. ನಡುವೆ ಚುಕ್ಕಿ ಹಾಕಿ ಅಂಕಿಯಲ್ಲಿ ಬರೆದಿದ್ದರು. ಓದುದನಿ ಸ್ಪಷ್ಟವಾದ ಕನ್ನಡದಲ್ಲಿ ಇಪ್ಪತ್ತೈದು ಎಂದು ಓದಿತು. ರೇಣುಕಾ ಇನ್ನೊಂದು ಸಲ ಓದಿಸಿದಳು, ಮತ್ತೆ ಇಪ್ಪತ್ತೈದು ಎಂದಿತು. ಅವಳು ಗೀರಿರುವ ಮುಚ್ಚಳದಲ್ಲಿ ಬೆರಳಿಟ್ಟು ಅಳೆದು ಕೊಟ್ಟು ಬ್ಯಾಂಕಿಗೆ ಹೊರಟಳು. ದಾರಿಯಲ್ಲಿ, ಹೀಗೆ ಕೊಟ್ಟರೆ ಬಾಟಲಿ ನಾಳೆಗೇ ಮುಗಿಯುತ್ತಲ್ಲ ಎಂದು ಹೊಳೆದು ಡಾಕ್ಟರಿಗೆ ಫೋನ್ ಮಾಡಿದಳಂತೆ. ಆಟೋ ತಿರುಗಿಸಿಕೊಂಡು ಮನೆಗೆ ಬಂದರೆ ತಾಯಿ ಅಡುಗೆಮನೆಯ ನೆಲದ ಮೇಲೆ ಮಲಗಿದ್ದರು, ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಗೆ ನಾನೂ ಓಡಿದೆ. ಅವರು ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟು ನೀರು ಕೇಳಿದರು. ಅಲ್ಲಿಯವರೆಗೆ ರೇಣುಕಾ ಬೆಂಚಿನ ಮೇಲೆ ಕೂತು ಆ ಸಂದೇಶವನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಿದ್ದಳು. ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ಸಾಕು ನಿಲ್ಲಿಸೇ ಎಂದರೂ ನಿಲ್ಲಿಸಲಿಲ್ಲ. ಅವಳ ಬದುಕಿನಲ್ಲಿ ಸುಳ್ಳು ಹೇಳದೇ ಇದ್ದ ದನಿ ಅದೊಂದೇ ಆಗಿತ್ತು.

ಶ್ರಾವಣದ ಮೊದಲ ಶನಿವಾರ ಮಧ್ಯಾಹ್ನ ನಾನು, ಲೋಕೇಶ ಸಾರ್ ಮನೆಗೆ ಹೋದೆವು. ಗೇಟಿನಲ್ಲೇ ಆಂಟಿಗೆ ವಿಷಯ ಹೇಳಿದೆ. ಅವರು ಇವತ್ತು ಪರವಾಗಿಲ್ಲ, ಚೆನ್ನಾಗಿದಾರೆ ಎಂದಷ್ಟೇ ಹೇಳಿ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಸಾರ್ ನಿಜವಾಗಿಯೂ ಚೆನ್ನಾಗಿದ್ದರು, ಪಾಲಿಟೆಕ್ನಿಕ್ಕಿನಲ್ಲಿದ್ದಷ್ಟೇ ಚೂಪಾಗಿದ್ದರು. ಅದೇ ಕಷ್ಟವಾಯಿತು. ನಾನೇ ಹೇಳಿದೆ. ಚುಕ್ಕಿಯ ಸಾಲಿನ ವಿಷಯ, ರೇಣುಕಾಳ ತಾಯಿಯ ವಿಷಯ. ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದನ್ನ ಅಳಿಸಿದ್ದು ನಾನಾ?"

"ಹೌದು ಸಾರ್."

"ಇದೊಂದೇನಾ?"

ಇನ್ನೂ ಇವೆ ಎಂದೆ. ಮಂಜುನಾಥನ ಪತ್ರದ ವಿಷಯವನ್ನೂ ಹೇಳಿದೆ. ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಆಮೇಲೆ ಲೋಕೇಶನ ಕಡೆ ತಿರುಗಿ, ಎಷ್ಟು ದಿನದಿಂದ ಗೊತ್ತಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಗೌರವ ಸಾರ್ ಎಂದ.

"ಗೌರವ ಇದ್ದಿದ್ರೆ ಬೈಬೇಕಾಗಿತ್ತು ಕಣೋ. ನಾನು ನಿಮ್ಮನ್ನೆಲ್ಲ ಬೈತಿರ್ಲಿಲ್ವಾ?"

ಹಾಗೆಂದು ಕಂಪ್ಯೂಟರಿನ ಕಡೆ ತಿರುಗಿ, ತಮ್ಮ ಕೈಯಾರೆ ನನ್ನನ್ನು ಮುಖ್ಯ ನಿರ್ವಾಹಕಿಯನ್ನಾಗಿ ಮಾಡಿದರು. ತಮ್ಮ ಹೆಸರನ್ನು ಕೊಡುಗೆದಾರರ ಸಾಲಿನ ಕೊನೆಗೆ ಹಾಕಿಕೊಂಡರು. ಹೊಡೆದುಹಾಕಿದ್ದ ಸಾಲನ್ನು ಲೋಕೇಶನಿಂದ ಮತ್ತೆ ಬರೆಸಿ, ಮರಣ ಎಂಬ ಪದವನ್ನು ತಾವೇ ಗಟ್ಟಿಯಾಗಿ ಓದಿದರು. ಹೊರಡುವಾಗ ನಾನು ಕಾಲಿಗೆ ನಮಸ್ಕಾರ ಮಾಡಿದೆ. ಇಷ್ಟು ದೊಡ್ಡ ಮನುಷ್ಯನ ಬಗ್ಗೆ ನಾವೆಷ್ಟು ಹೆದರಿದ್ದೆವಲ್ಲ ಎಂದು ಹಗುರಾಗಿ ಮನೆಗೆ ಬಂದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಎದ್ದು ನೋಡಿದರೆ ಸಾರ್ ಇಡೀ ಬಳಗಕ್ಕೆ ಪತ್ರ ಬರೆದಿದ್ದರು. "ನನ್ನ ಅಧಿಕಾರವನ್ನು ಯಾರೋ ಕದ್ದಿದ್ದಾರೆ. ಜಯಲಕ್ಷ್ಮಿ ಎಂಬ ನನ್ನ ಶಿಷ್ಯೆಯ ಹೆಸರನ್ನು ಬಳಸಿಕೊಂಡಿದ್ದಾರೆ. ಕೂಡಲೇ ಒಪ್ಪಿಸತಕ್ಕದ್ದು."

ನಾನು ಹೋಗಿ ತಿಳಿಸಿ ಹೇಳಿದೆ. ಅವರಿಗೆ ಮತ್ತೆ ಆಘಾತವಾಯಿತು, ಮತ್ತೆ ರೇಣುಕಾಳ ತಾಯಿಯನ್ನು ವಿಚಾರಿಸಿದರು, ಮತ್ತೆ ಒಪ್ಪಿದರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಪತ್ರ. ಅದರ ಮರುದಿನವೂ ಅಷ್ಟೇ. ಆಜೀವ ಎಂದು ಶಾಲು ಹೊದಿಸಿದ್ದು ಅವರ ತಲೆಯಲ್ಲಿ ಅಚ್ಚೊತ್ತಿತ್ತು, ಇಳಿದದ್ದು ಮಾತ್ರ ನಿಲ್ಲುತ್ತಿರಲಿಲ್ಲ. ಅವರನ್ನು ಕಂಡರಿಯದ ಎಲ್ಲೆಲ್ಲಿಯವರೋ ನನ್ನನ್ನು ಕಳ್ಳಿ ಎಂದು ಬರೆಯತೊಡಗಿದರು. ಸಂಸ್ಥೆಯವರು ನಿಮ್ಮ ಜಗಳ ಮುಗಿಯಲಿ ಎಂದು ಹಿಂದೆ ಸರಿದರು. ನನಗೆ ಬೆಳಗಾಗುವುದೆಂದರೆ ಭಯವಾಗತೊಡಗಿತು. ಫೋನನ್ನು ಕವುಚಿ ಹಾಕಿ ಮಲಗುತ್ತಿದ್ದೆ.

ಒಂದು ದಿನ ಆಫೀಸಿನಲ್ಲಿದ್ದಾಗ ಪೊಲೀಸ್ ಠಾಣೆಯಿಂದ ಕರೆ ಬಂತು.

"ಇಲ್ಲೊಬ್ರು ಯಜಮಾನ್ರು ಬಂದು ಕೂತವ್ರೆ ಮೇಡಂ. ನಿರ್ವಾಹಕ್ರಂತೆ. ಯಾವ ಡಿಪೋ ಸಾರ್ ಅಂತ ಕೇಳಿದ್ರೆ ಬೈತಾವ್ರೆ. ನಿಮ್ ನಂಬರ್ ಕೊಟ್ರು."

ಹೋಗಿ ನೋಡಿದರೆ ಸಾರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಯಾರೋ ಪುಣ್ಯಾತ್ಮರು ಟೀ ಕೊಡಿಸಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ.

"ಇವಳೇ ನನ್ ಸ್ಟೂಡೆಂಟು, ಇವಳನ್ನ ಕೇಳಿ. ಜಯಾ, ಆಜೀವ ಅಂತ ನೀವೇ ಅಲ್ವಾ ಬರೆದಿದ್ದು?"

"ಹೌದು ಸಾರ್."

"ಮತ್ತೆ ಕಿತ್ಕೊಂಡಿದ್ದು ಯಾರು?"

ಬನ್ನಿ ಸಾರ್, ಆಂಟಿ ಕಾಯ್ತಿದಾರೆ ಎಂದೆ. ಆಟೋದಲ್ಲಿ ಅವರು ದಾರಿಯುದ್ದಕ್ಕೂ ಆ ಕಳ್ಳನನ್ನು ಹೇಗೆ ಹಿಡಿಯಬೇಕೆಂದು ನನಗೆ ವಿವರಿಸಿದರು. ಒಳ್ಳೆಯ ಉಪಾಯಗಳೇ, ಆ ಮಾರ್ಗದಲ್ಲಿ ಹುಡುಕಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ.

ಅವತ್ತು ಆಂಟಿ ಅವರನ್ನು ಒಳಗೆ ಕೂಡಿಸಿ ಬಂದು ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡರು.

"ದಿನಾ ಬೆಳಿಗ್ಗೆ ಎದ್ದು ಅವ್ರಿಗೆ ಹೊಸದಾಗಿ ಸಾವಿನ ಸುದ್ದಿ ಹೇಳ್ದಂಗೆ ಆಗ್ತಿದೆ ಜಯಾ. ಸಂಜೆಗೆ ಹೇಗೋ ಸಮಾಧಾನ ಮಾಡ್ಕೋತಾರೆ. ಬೆಳಿಗ್ಗೆ ಮತ್ತೆ ಮೊದಲಿಂದ. ಅವ್ರದ್ದು ಅವ್ರಿಗೆ ಕೊಟ್ಬಿಡಮ್ಮ. ಸುಳ್ಳಾದ್ರೂ ಸರಿ."

ದಾರಿ ತೋರಿಸಿದ್ದು ಲೋಕೇಶ. ಇಡೀ ಯೋಜನೆಯನ್ನು ಯಾರು ಬೇಕಾದರೂ ನಕಲು ಮಾಡಬಹುದಲ್ಲವೇ? ಓದುದನಿಯ ಒಂದು ನಕಲು ಮಾಡಿ ಬೇರೆ ಕಡೆ ಇಡೋಣ. ಹೆಸರು ಅದೇ, ಬಣ್ಣ ಅದೇ, ಒಳಗಿರುವ ಸಾಲುಗಳೆಲ್ಲ ಅವೇ. ಮೇಲೆ ಮಾತ್ರ ಸಾರ್ ಹೆಸರು, ಆಜೀವ ಮುಖ್ಯ ನಿರ್ವಾಹಕ ಎಂದು. ಅನುಮಾನ ಬಾರದಂತೆ ಅದರ ಕೀಲಿಯೂ ಅವರೊಬ್ಬರ ಕೈಲೇ ಇರಲಿ. ಅವರ ಕಂಪ್ಯೂಟರು ಅದನ್ನೇ ತೆರೆಯುವಂತೆ ಮಾಡೋಣ. ಅಲ್ಲಿಂದ ಯಾರ ಫೋನಿಗೂ ಏನೂ ಹೋಗುವುದಿಲ್ಲ. ನಾವು ಆಗಾಗ ಹೋಗಿ ಒಂದೆರಡು ತಿದ್ದುಪಡಿ ಕಳಿಸುತ್ತಿರೋಣ, ಅವರು ಒಪ್ಪಲಿ, ಬಿಡಲಿ, 'ಸರಿ ಸಾರ್' ಅನ್ನೋಣ. ಅವನು ಇದನ್ನು ಹೇಳುವಾಗ ಮುಖ ಎತ್ತಿ ನನ್ನನ್ನು ನೋಡಲಿಲ್ಲ. ನಾನೂ ಬೇಡ ಎನ್ನಲಿಲ್ಲ. ನನಗೆ ನಿದ್ದೆ ಬೇಕಾಗಿತ್ತು.

ರೇಣುಕಾ ಒಬ್ಬಳೇ ಒಪ್ಪಲಿಲ್ಲ. ಸಾರ್ ಮೇಲೆ ಸಿಟ್ಟೇ ಎಂದು ಕೇಳಿದೆ. ಇಲ್ಲ ಎಂದಳು. ಅವಳ ತಾಯಿ ಅಷ್ಟು ಹೊತ್ತಿಗೆ ಎಂದಿನಂತೆ ಓಡಾಡಿಕೊಂಡಿದ್ದರು.

"ಚಿಕ್ಕೋಳಿದ್ದಾಗ ರಸ್ತೇಲಿ ಎಲ್ರೂ ನನ್ನ ಆಟಕ್ಕೆ ಸೇರಿಸ್ಕೊಳ್ಳೋರು. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನಾನು ಔಟಾದ್ರೂ ಯಾರೂ ಔಟ್ ಅಂತಿರ್ಲಿಲ್ಲ. ಗೊತ್ತಾಗಲ್ಲ ಅಂದ್ಕೊಂಡಿರ್ತಾರೆ ಅಕ್ಕ. ಗೊತ್ತಾಗುತ್ತೆ."

ಗಣೇಶನ ಹಬ್ಬದ ಹೊತ್ತಿಗೆ ಎಲ್ಲ ಸದ್ದಡಗಿತು. ಬೆಳಗಿನ ಪತ್ರಗಳು ನಿಂತವು. ಓದುದನಿಯ ತಪ್ಪುಗಳನ್ನು ನಾವು ಸರಿಪಡಿಸಿ ಹೊರಗೆ ಬಿಟ್ಟೆವು, ಸಂಸ್ಥೆಯವರು ಮರಳಿ ಬಂದರು, ಶಾಲೆಗಳಿಗೆ ಅದು ಹೋಯಿತು. ಸಾರ್ ಮನೆಯಲ್ಲಿ ಸಾರ್ ದಿನವೂ ತಿಂಡಿ ತಿಂದು, ಅಂಗಿ ತೊಟ್ಟು, ತಮ್ಮ ಯೋಜನೆಯ ಮುಂದೆ ಕೂರುತ್ತಿದ್ದರು. ಅವರು ಖುಷಿಯಾಗಿದ್ದಾರೆ ಎಂದು ಆಂಟಿ ಫೋನ್ ಮಾಡಿ ಅತ್ತರು. ನಾನು, ಲೋಕೇಶ ಊಟದ ಬಿಡುವಿನಲ್ಲಿ ಆ ನಕಲಿಗೆ ಹೋಗಿ ಏನಾದರೂ ಪುಡಿ ತಿದ್ದುಪಡಿ ಕಳಿಸಿ ಬರುತ್ತಿದ್ದೆವು. ಅವರು ಅದಕ್ಕೆ ಏನೋ ಬರೆಯುತ್ತಿದ್ದರು, ಕೆಲವೊಮ್ಮೆ ಅರ್ಥವಾಗುವಂಥದ್ದು, ಕೆಲವೊಮ್ಮೆ ಆಗದೇ ಇದ್ದದ್ದು. ಸರಿ ಸಾರ್ ಎನ್ನುತ್ತಿದ್ದೆವು. ದಿನ ಹೋದಂತೆ ಪೂರ್ತಿ ಓದುವುದನ್ನೂ ಬಿಟ್ಟೆವು. ಆ ಪುಟಕ್ಕೆ ಹೋದಾಗಲೆಲ್ಲ ನನಗೆ ಯಾರೂ ಇಲ್ಲದ ಮನೆಯೊಳಗೆ ಟೀವಿಯೊಂದೇ ಓಡುತ್ತಿರುವಂತೆ ಅನ್ನಿಸಿ, ಬೇಗ ಬೇಗ ಮುಗಿಸಿ ಹೊರಗೆ ಬರುತ್ತಿದ್ದೆ.

ದೀಪಾವಳಿ ಕಳೆದು ಚಳಿ ಶುರುವಾಗಿತ್ತು. ಒಂದು ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ ಮಾಡುತ್ತ ಆ ನಕಲನ್ನು ತೆರೆದೆ. ಅಲ್ಲೊಂದು ಹೊಸ ಪ್ರಶ್ನೆ ಇತ್ತು. ಯೋಜನೆಯಲ್ಲಿ ಏನಾದರೂ ತಪ್ಪು ಕಂಡವರು ಹೀಗೆ ಪ್ರಶ್ನೆ ಎತ್ತುವುದು ಕ್ರಮ. ಉತ್ತರ ಸಿಕ್ಕು ತೃಪ್ತಿಯಾದ ಮೇಲೆ ಮುಖ್ಯ ನಿರ್ವಾಹಕರು ಅದನ್ನು ಮುಚ್ಚಬೇಕು, ಅಲ್ಲಿಯವರೆಗೆ ಅದು ತೆರೆದೇ ಇರುತ್ತದೆ. ಈ ಪ್ರಶ್ನೆ ಎತ್ತಿದವರು ಸಾರ್. ಭಾಷೆ ತಿಳಿಯಾಗಿತ್ತು, ಒಂದು ಕಾಗುಣಿತದ ತಪ್ಪಿರಲಿಲ್ಲ.

"ಸೋಮವಾರ ಎಂದು ಇದ್ದರೆ ಮಂಗಳವಾರ ಎಂದು ಓದು ಎಂಬ ಸಾಲನ್ನು ನಿನ್ನೆ ಬೇಕೆಂದೇ ಒಳಗೆ ಸೇರಿಸಿ ನೋಡಿದೆ. ಯಾರಾದರೂ ಬೈಯುತ್ತೀರೇನೋ ಎಂದು ಸಂಜೆಯವರೆಗೂ ಕಾದೆ. ಇಬ್ಬರೂ ಸರಿ ಸಾರ್ ಎಂದಿದ್ದೀರಿ. ಇಷ್ಟು ಒಳ್ಳೆಯ ಜನರ ಜೊತೆ ನಾನು ಯಾವತ್ತೂ ಕೆಲಸ ಮಾಡಿದವನಲ್ಲ. ಜಯಾ, ನನ್ನನ್ನು ಎಲ್ಲಿ ಇಟ್ಟಿದ್ದೀರಿ?"

ಡಬ್ಬಿ ಮುಚ್ಚಿ ಆಂಟಿಗೆ ಫೋನ್ ಮಾಡಿದೆ. ಅವರು ಊಟ ಮಾಡಿ ಮಲಗಿದಾರೆ ಕಣೇ, ಏನಾಯ್ತು ಎಂದರು. ಸಂಜೆ ಹೋದೆ. ಸಾರ್ ನನ್ನನ್ನು ಕಂಡು ಬಾಮ್ಮ ಎಂದರು, ಕಾಫಿ ಕೊಡಿಸಿದರು. ತಾವು ಏನು ಬರೆದಿದ್ದರೆಂಬುದು ಅವರಿಗೆ ನೆನಪಿರಲಿಲ್ಲ. ಅವರು ತಮ್ಮ ಯೋಜನೆಯನ್ನು ಪೂರ್ತಿ ಕಣ್ಣು ಬಿಟ್ಟು ನೋಡಿದ್ದು ಅದೇ ಕೊನೆ. ಸಂಕ್ರಾಂತಿಯ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರುವುದನ್ನೇ ಬಿಟ್ಟರು. ಈಗ ನನ್ನನ್ನು ಯಾರೋ ನರ್ಸ್ ಎಂದುಕೊಳ್ಳುತ್ತಾರೆ.

ಓದುದನಿಯ ಮುಖ್ಯ ನಿರ್ವಾಹಕಿ ಈಗಲೂ ನಾನೇ, ವರ್ಷಕ್ಕೊಮ್ಮೆ ಆರಿಸುತ್ತಾರೆ. ಆ ನಕಲನ್ನು ಅಳಿಸಿಬಿಡೋಣ ಎಂದು ಲೋಕೇಶ ಎರಡು ಮೂರು ಸಲ ಹೇಳಿದ. ಅಳಿಸಲು ನಮಗೆ ಅಲ್ಲಿ ಅಧಿಕಾರ ಇಲ್ಲ. ಉತ್ತರ ಬರೆಯಬಹುದು ಅಷ್ಟೇ. ಬರೆಯೋಣವೆಂದು ಎಷ್ಟೋ ಸಲ ಕೂತಿದ್ದೇನೆ. ಸಾರ್ ಎತ್ತಿದ ಪ್ರಶ್ನೆ ಅಲ್ಲಿ ಇವತ್ತಿಗೂ ತೆರೆದೇ ಇದೆ. ಅದನ್ನು ಮುಚ್ಚುವ ಅಧಿಕಾರ ನಾವು ಅವರೊಬ್ಬರಿಗೇ ಕೊಟ್ಟಿದ್ದೆವು.